ಊಟ ಒಲ್ಲದ ಚಿಟ್ಟೆಮೀನು

ಪುತ್ತಿಗೆಯ ಆ ಮನೆಯ ಚಾವಡಿಗೆ ಅಕ್ವೇರಿಯಂ ಬಂದದ್ದು ಮಗ ಎಂಟನೆಯ ತರಗತಿಯಲ್ಲಿದ್ದಾಗ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವಂತೆ ಕಡಲನೀರು ತಯಾರಿಸಿ, ಅಮೋನಿಯವನ್ನು ನೈಟ್ರೇಟಾಗಿಸುವ ಬ್ಯಾಕ್ಟೀರಿಯಗಳು ನೆಲೆಯೂರಲೆಂದು 6 ವಾರ ಕಾದ ಮೇಲೆ ಅಪ್ಪ, ಮಗ ಮಂಗಳೂರಿನಿಂದ ಚಿಟ್ಟೆಮೀನೊಂದನ್ನು ತಂದರು. ಹಳದಿ ಮೈ, ಉದ್ದಕ್ಕೂ ನೇರಳೆ ಗೆರೆ, ಕಣ್ಣಿಗೆ ಅಡ್ಡಲಾಗಿ ಕಪ್ಪು ಪಟ್ಟಿ. ಅಕ್ಕಪಕ್ಕದವರೆಲ್ಲ ನೋಡಲು ಬಂದರು.

ಮೀನು ಮಾತ್ರ ಊಟ ಮಾಡಲಿಲ್ಲ. ಅಂಗಡಿಯ ಗುಳಿಗೆಯನ್ನು ಬಾಯಿಗೆ ತೆಗೆದುಕೊಂಡು ಉಗುಳಿತು. ಸಿಗಡಿಯ ಚೂರಿನತ್ತ ತಿರುಗಿಯೂ ನೋಡಲಿಲ್ಲ. "ಹಸಿದರೆ ತಾನಾಗಿಯೇ ತಿನ್ನುತ್ತದೆ ಬಿಡು" ಎಂದರು ಅಪ್ಪ. ಮಕ್ಕಳ ವಿಷಯದಲ್ಲಿ ಅಷ್ಟಿಷ್ಟು ನಿಜವಾಗುವ ಮಾತು ಅದು. ಉಳಿದ ಆಹಾರ ಕೊಳೆತು ನೀರಿಗೆ ಮತ್ತೆ ಅಮೋನಿಯ ಸೇರಿತು. ಹದಿನೆಂಟನೆಯ ದಿನ ಬೆಳಿಗ್ಗೆ ಮೀನು ತಳದಲ್ಲಿ ಬಿದ್ದಿತ್ತು. ಹುಡುಗ ಅಂದು ಶಾಲೆಗೆ ಹೋಗಲಿಲ್ಲ.

ಅದರದು ಹಟವಲ್ಲ. ಚಿಟ್ಟೆಮೀನುಗಳಲ್ಲಿ ಸುಮಾರು 130 ಜಾತಿಗಳಿವೆ. ಮುರ್ಡೇಶ್ವರದಾಚೆ ನೇತ್ರಾಣಿ ದ್ವೀಪದ ಹವಳಗಳ ನಡುವೆಯೂ ಅವು ಕಾಣಸಿಗುತ್ತವೆ. ಹೆಚ್ಚಿನವುಗಳ ಕುಲನಾಮ ಕೀಟೋಡಾನ್. ಗ್ರೀಕಿನಲ್ಲಿ ಕೂದಲಿನಂಥ ಹಲ್ಲು ಎಂದರ್ಥ. ಹಲವು ಜಾತಿಗಳು ಹುಳು, ಸಿಗಡಿಮರಿ ಎಂದು ಸಿಕ್ಕಿದ್ದನ್ನು ತಿನ್ನುತ್ತವೆ. ಆದರೆ ಆ ಮನೆಗೆ ಬಂದಿದ್ದ ಟ್ರೈಫ್ಯಾಸಿಯೇಟಸ್, ಜೀವಂತ ಹವಳದ ಮೆತ್ತನೆಯ ಪಾಲಿಪ್‌ಗಳನ್ನು ಕುಟುಕಿಯೇ ಬದುಕುವಂಥದ್ದು. ತೇಲುವ ಗುಳಿಗೆ ಅದಕ್ಕೆ ಆಹಾರವಾಗಿ ಕಾಣುವುದೇ ಇಲ್ಲ. ಹವಳವನ್ನೇ ಕಿತ್ತು ತರೋಣವೆಂದರೆ, ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಗಿದೆ. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ಅಂಗಡಿಯಾತ ಇದೊಂದನ್ನೂ ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಹುಡುಗ ಆರಿಗಾ ಎಂಬ ಜಾತಿಯನ್ನೇ ಹೆಸರು ಹೇಳಿ ಕೇಳಿದ. ಕೊಳ್ಳುವ ಮೊದಲು ಅದು ತಿನ್ನುವುದನ್ನು ಅಂಗಡಿಯಲ್ಲೇ ನಿಂತು ನೋಡಿದ. ಆದರೂ ಮನೆಗೆ ಬಂದ ಮೀನು ಮೂರು ದಿನ ಕಲ್ಲಿನ ಹಿಂದೆ ಅಡಗಿ ಕುಳಿತಿತು. ನಾಲ್ಕನೆಯ ದಿನ ಅಡುಗೆಮನೆಯಲ್ಲಿ ಅಮ್ಮ ಪುಂಡಿಗೆಂದು ಮರುವಾಯಿ ಬಿಡಿಸುತ್ತಿದ್ದರು. "ಇದನ್ನೊಮ್ಮೆ ಹಾಕಿ ನೋಡು ಮಗಾ" ಎಂದು, ಉಪ್ಪು ಅರಿಸಿನ ತಾಗುವ ಮೊದಲೇ ಒಂದನ್ನು ಚಿಪ್ಪು ಸಹಿತ ಕೊಟ್ಟರು.

ಮಾಂಸ ಚಿಪ್ಪಿಗೆ ಅಂಟಿಕೊಂಡಿತ್ತು. ನೀರಿನಲ್ಲಿ ತೇಲಿಹೋಗಲಿಲ್ಲ. ಬಂಡೆಯ ಸಂದಿನಿಂದ ಕಿತ್ತು ತಿನ್ನುವ ಬಾಯಿಗೆ ಅದು ಪರಿಚಿತ ರೀತಿಯ ಊಟ. ಸ್ವಲ್ಪ ಹೊತ್ತಿಗೆ ಚೂಪು ಮೂತಿ ಕಲ್ಲಿನಾಚೆಯಿಂದ ಹೊರಬಂತು. ಒಮ್ಮೆ ಕುಟುಕಿ ಹಿಂದೆ ಸರಿಯಿತು, ಮತ್ತೆ ಬಂತು. ಗಂಟೆ ಕಳೆಯುತ್ತಲೇ ಹುಡುಗ ಚಿಪ್ಪನ್ನು ಹೊರತೆಗೆದ, ಕೊಳೆಯಬಾರದಲ್ಲ.

ಅಂದಿನಿಂದ ದಿನಕ್ಕೆ ಮೂರು ಸಲ, ಸ್ವಲ್ಪ ಸ್ವಲ್ಪವೇ. ಬೆಳಿಗ್ಗೆ, ಸಂಜೆ ಮಗನ ಸರದಿ. ಮಧ್ಯಾಹ್ನದ್ದು ಅಮ್ಮನಿಗೆ.