ಧೂಪವೂ ಧೂಳೂ

ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿ ಎರಡು ವರ್ಷಗಳಿಂದ ಸಂಜೆಯಾಗುತ್ತಲೇ ಕೆಮ್ಮು ಪ್ರಾರಂಭವಾಗುತ್ತಿತ್ತು. ಕೆಮ್ಮುತ್ತಿದ್ದವರು ನಾವಲ್ಲ, ನಮ್ಮ ಮನೆಯವರು. ನಡುರಾತ್ರಿಯಲ್ಲಿ ಎದ್ದು ಗೋಡೆಗೊರಗಿ ಉಸಿರಿಗಾಗಿ ಕಾದಿರುವ ಜೀವವನ್ನು ನೋಡುತ್ತ ಕೂಡುವುದೆಷ್ಟು ಕಷ್ಟವೆಂಬುದನ್ನು ಕುಟುಂಬಸ್ಥರಾದ ವಾಚಕರಿಗೆ ವಿವರಿಸಬೇಕಾದುದಿಲ್ಲ. ಇದಕ್ಕೆಲ್ಲ ಕಾರಣ ಪೀಣ್ಯದ ಕಾರ್ಖಾನೆಗಳೇ ಎಂದು ನಾವು ತೀರ್ಮಾನಿಸಿಬಿಟ್ಟಿದ್ದೆವು. ಸಂಜೆಯ ಮುನ್ನವೇ ಕಿಟಕಿಗಳನ್ನೆಲ್ಲ ಮುಚ್ಚಿಸುತ್ತಿದ್ದೆವು. ಅಧಿಕಾರಿಗಳಿಗೆ ನಾಲ್ಕು ಪುಟಗಳ ಮನವಿಯೊಂದನ್ನೂ ಬರೆದಿಟ್ಟಿದ್ದೆವು.

“ಅಪ್ಪ, ಅಳೆದು ನೋಡದೆ ಬರೆದರೆ ಯಾರು ಓದುತ್ತಾರೆ?” ಎಂದಳು ನಮ್ಮ ಮಗಳು. ಪ್ರಮಾಣವಿಲ್ಲದೆ ಪ್ರಮೇಯವು ಸಿದ್ಧಿಸದೆಂದು ಮೂವತ್ತು ವರ್ಷ ಹುಡುಗರಿಗೆ ಹೇಳಿಕೊಟ್ಟವರು ನಾವು, ಮರುಮಾತು ಹೊರಡಲಿಲ್ಲ. ಹೆಬ್ಬಾಳದಲ್ಲಿಯೂ ಪೀಣ್ಯದಲ್ಲಿಯೂ ಸರ್ಕಾರದ ಮಾಪನಕೇಂದ್ರಗಳುಂಟು. ಆದರೆ ಅವು ಅಲ್ಲಿನ ಗಾಳಿಯನ್ನು ಹೇಳಬಲ್ಲವೇ ಹೊರತು ನಮ್ಮ ನಡುಮನೆಯದನ್ನಲ್ಲ.

ಆಕೆ ತಂದುಕೊಟ್ಟ ಯಂತ್ರಕ್ಕೆ ಎಸ್‌ಡಿಎಸ್ 011 ಎಂದು ಹೆಸರು. ಅಂಗೈಯಗಲದ ಪೆಟ್ಟಿಗೆ, ಒಳಗೊಂದು ಪುಟ್ಟ ಫ್ಯಾನು ಗಾಳಿಯನ್ನೆಳೆದುಕೊಳ್ಳುತ್ತದೆ, ಲೇಸರ್ ಕಿರಣಕ್ಕೆ ಅಡ್ಡಬಂದ ಧೂಳಿನ ಕಣಗಳು ಬೆಳಕನ್ನೆಷ್ಟು ಚದುರಿಸಿದವೆಂಬುದನ್ನು ನೋಡಿ ಯಂತ್ರವು ಲೆಕ್ಕ ಹಾಕುತ್ತದೆ. ಗವಾಕ್ಷದ ಬಿಸಿಲುಕೋಲಿನಲ್ಲಿ ತೇಲುವ ಕಣವನ್ನು ನಮ್ಮ ಹಿಂದಿನವರು ತ್ರಸರೇಣುವೆಂದು ಕರೆದರು. ಇದೂ ಅದೇ ನೋಟವೇ. ಕಣಗಳು ಮಾತ್ರ ಕಣ್ಣಿಗೆ ನಿಲುಕದಷ್ಟು ಸಣ್ಣವು.

ಈ ಪೆಟ್ಟಿಗೆಯು ತಂತಿಯ ಮೂಲಕ ಕಂಪ್ಯೂಟರಿಗೆ ಸೆಕೆಂಡಿಗೊಮ್ಮೆ ಹತ್ತು ಬೈಟುಗಳನ್ನು ಸೀರಿಯಲ್ ಕ್ರಮದಲ್ಲಿ, ಅಂದರೆ ಒಂದರ ಹಿಂದೊಂದಾಗಿ, ಕಳುಹಿಸುತ್ತದೆ. ಒಂದೊಂದು ಬೈಟೂ 0 ಮೊದಲ್ಗೊಂಡು 255ರವರೆಗಿನ ಒಂದು ಸಂಖ್ಯೆ. ಇವನ್ನೋದುವುದಕ್ಕಾಗಿ ಜಾವಾಸ್ಕ್ರಿಪ್ಟ್ ಎಂಬ ಭಾಷೆಯನ್ನು ಮಗಳಿಂದ ಕಲಿಯಬೇಕಾಯಿತು. 1995ರಲ್ಲಿ ಬ್ರೆಂಡನ್ ಐಕ್ ಎಂಬವರು ಅದರ ಮೊದಲ ರೂಪವನ್ನು ಹತ್ತೇ ದಿನಗಳಲ್ಲಿ ರಚಿಸಿದರಂತೆ. ವ್ಯಾಕರಣಕ್ಕೆ ಹನ್ನೆರಡು ವರ್ಷ ಸವೆಸಿದ ನಮಗೆ ಈ ಸುದ್ದಿ ಅಷ್ಟಾಗಿ ರುಚಿಸಲಿಲ್ಲ. ಕ್ರೋಮ್ ಬ್ರೌಸರಿನಲ್ಲಿ 2021ರಿಂದ ಈ ಭಾಷೆಗೆ ಸೀರಿಯಲ್ ದ್ವಾರವನ್ನು ತೆರೆಯುವ ಶಕ್ತಿ ಬಂದಿದೆ. ಆದರೆ ಯಜಮಾನನು ಗುಂಡಿಯನ್ನೊತ್ತಿ, ಇಂಥ ಯಂತ್ರವೆಂದು ತೋರಿಸಿ ಅಪ್ಪಣೆ ಕೊಟ್ಟಲ್ಲದೆ ಅದು ಒಳಗೆ ಕಾಲಿಡದು. ಈ ವಿನಯ ನಮಗೆ ಹಿಡಿಸಿತು.

ಬೈಟುಗಳು ಹತ್ತು ಹತ್ತಾಗಿ ಕೂಡಿ ಬರುತ್ತವೆಂದು ನಾವು ನಂಬಿದ್ದೆವು. ಹಾಗಿಲ್ಲ; ಒಮ್ಮೆ ಮೂರು, ಒಮ್ಮೆ ಏಳು, ಒಮ್ಮೆ ಹದಿನೈದು. ಕಟ್ಟು ಬಿಚ್ಚಿಹೋದ ತಾಳೆಗರಿಗಳನ್ನು ಜೋಡಿಸುವವನು ಮಂಗಳವನ್ನೂ ಸಮಾಪ್ತಿವಾಕ್ಯವನ್ನೂ ಮೊದಲು ಹುಡುಕುವಂತೆ ಇಲ್ಲಿಯೂ ಬಂದುದನ್ನೆಲ್ಲ ಕೂಡಿಟ್ಟುಕೊಂಡು ಮೊದಲಿನ 170ನ್ನೂ ಕೊನೆಯ 171ನ್ನೂ ಹುಡುಕಬೇಕು. ಆ ಸಂಖ್ಯೆಗಳು ನಡುವೆಯೂ ಬರಬಹುದಾದ್ದರಿಂದ, ಮೂರನೆಯದರಿಂದ ಎಂಟನೆಯದರವರೆಗಿನ ಆರು ಬೈಟುಗಳನ್ನು ಕೂಡಿಸಿ 256ರಿಂದ ಭಾಗಿಸಿ, ಉಳಿದ ಶೇಷವು ಒಂಬತ್ತನೆಯದಕ್ಕೆ ಸರಿಹೋಯಿತೇ ಎಂದೂ ನೋಡಬೇಕು.

ಇಷ್ಟಾಗಿ ಮೊದಲ ಸಲ ತೆರೆಯ ಮೇಲೆ ಮೂಡಿದ ಸಂಖ್ಯೆ 4198.5! ಸೂಕ್ಷ್ಮ ಧೂಳಿಗೆ 2009ರಲ್ಲಿ ನಮ್ಮ ದೇಶದಲ್ಲಿ ಗೊತ್ತುಮಾಡಿದ ಮಿತಿ, 24 ಗಂಟೆಗಳ ಸರಾಸರಿಯಲ್ಲಿ, ಘನಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಹೇಳಿದ್ದು 15. ನಾವು ಆಗಲೇ ಮನೆಯವರನ್ನು ಮೈಸೂರಿಗೆ ಅವರ ತಮ್ಮನ ಮನೆಗೆ ಕಳುಹಿಸಲು ಬಟ್ಟೆ ಕಟ್ಟಿಸತೊಡಗಿದೆವು. ಮಗಳು ಬಂದು ನೋಡಿ, “ಈ ಯಂತ್ರ 999.9ಕ್ಕಿಂತ ಮೇಲೆ ಹೇಳಲಾರದಪ್ಪ. ಓದಿದ್ದರಲ್ಲೇ ಏನೋ ತಪ್ಪಿದೆ” ಎಂದಳು. ಬಂದ ಬೈಟುಗಳು 164, 1. ಮೊದಲು ಬಂದುದೇ ದೊಡ್ಡ ಸ್ಥಾನದ್ದೆಂದು ನಾವು ಎಣಿಸಿದ್ದೆವು. ವೇದ, ನೇತ್ರ, ಚಂದ್ರ ಎಂದು ಗಣಿತಗ್ರಂಥದಲ್ಲಿದ್ದರೆ ಅದು 421 ಅಲ್ಲ, 124. ಬಿಡಿಯ ಸ್ಥಾನ ಮೊದಲು, ಅಲ್ಲಿಂದ ಎಡಕ್ಕೆ ನಡಿಗೆ. ಬಾಲ್ಯದಲ್ಲೇ ಬಾಯಿಪಾಠವಾದ ಈ ಕ್ರಮವನ್ನು ಯಂತ್ರವು ಪಾಲಿಸುತ್ತಿತ್ತು, ಮರೆತವರು ನಾವು. 256ಕ್ಕೆ 164ನ್ನು ಕೂಡಿಸಿದರೆ 420. ಹತ್ತರಿಂದ ಭಾಗಿಸಿದರೆ 42.

ಹತ್ತು ದಿನ ಯಂತ್ರವನ್ನು ನಡುಮನೆಯಲ್ಲಿಟ್ಟು ಬರೆದುಕೊಂಡೆವು. ದಕ್ಷಿಣದ ಕಿಟಕಿ ತೆರೆದಿದ್ದ ಹಗಲುಗಳಲ್ಲಿ ಮೂವತ್ತರಿಂದ ಐವತ್ತು. ಸಂಜೆ ಆರೂವರೆಯಾದ ಕೂಡಲೆ, ಹತ್ತು ನಿಮಿಷಗಳೊಳಗೆ, ಮುನ್ನೂರನ್ನು ದಾಟುತ್ತಿತ್ತು. ಊಟದ ಹೊತ್ತಾದರೂ ಇಳಿಯುತ್ತಿರಲಿಲ್ಲ. ಆರೂವರೆಗೆ ನಾವು ದೇವರ ಮುಂದೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಊದುಬತ್ತಿಗಳನ್ನು ಹಚ್ಚಿ, ಮನೆಯೆಲ್ಲ ಧೂಪವನ್ನಾಡಿಸುತ್ತಿದ್ದೆವು. ನಿವೃತ್ತಿಯಾದಂದಿನಿಂದ, ಅಂದರೆ ಎರಡು ವರ್ಷಗಳಿಂದ, ಒಂದು ದಿನವೂ ತಪ್ಪಿಸಿರಲಿಲ್ಲ. ಕಿಟಕಿಗಳನ್ನು ಮುಚ್ಚಿಸಿದವರೂ ನಾವೇ.

ಪುಸ್ತಕವನ್ನು ಮನೆಯವರ ಮುಂದಿಟ್ಟೆವು. ಅವರು ಅಂಕಿಗಳನ್ನು ನೋಡಲೇ ಇಲ್ಲ. “ಹೊಗೆಯಿಂದಲೇ ಇರಬಹುದೆಂದು ನನಗೆ ಅನ್ನಿಸಿತ್ತು. ಸ್ಕೂಲು ಬಿಟ್ಟ ಮೇಲೆ ನೀವು ಮನಸ್ಸಿಟ್ಟು ಮಾಡುತ್ತಿದ್ದ ಕೆಲಸ ಅದೊಂದೇ. ಬೇಡವೆಂದು ಹೇಗೆ ಹೇಳಲಿ?” ಎಂದರು.

ಈಗ ಧೂಪವು ಹೊರಗೆ, ತುಳಸಿಯ ಮುಂದೆ. ಒಳಗೆ ತುಪ್ಪದ ದೀಪ ಮಾತ್ರ, ಕಿಟಕಿಗಳು ತೆರೆದಿರುತ್ತವೆ. ಕೆಮ್ಮು ಪೂರ್ತಿಯಾಗಿ ಹೋಗಿಲ್ಲ, ಆದರೆ ಅವರು ಬಹುಪಾಲು ರಾತ್ರಿಗಳಲ್ಲಿ ಮಲಗಿಯೇ ನಿದ್ರಿಸುತ್ತಾರೆ. ಮನವಿಯನ್ನೇನೂ ಹರಿದುಹಾಕಲಿಲ್ಲ, ಹಗಲಿನ ಐವತ್ತು ಸಾಂಬ್ರಾಣಿಯದಲ್ಲವಷ್ಟೆ. ನಾಲ್ಕು ಪುಟಗಳನ್ನು ಒಂದಕ್ಕಿಳಿಸಿ, ಮಂಜು ಕವಿದ ಬೆಳಗುಗಳ ಲೆಕ್ಕವನ್ನು ಬಿಟ್ಟು (ತೇವ ಹೆಚ್ಚಾದರೆ ಯಂತ್ರವು ನೀರಿನ ಹನಿಯನ್ನೂ ಧೂಳೆಂದೇ ಎಣಿಸುತ್ತದೆ), ಉಳಿದ ಅಂಕಿಗಳನ್ನು ಮಗಳಿಂದ ತಿದ್ದಿಸಿದ್ದೇವೆ. ನಾಳೆ ಅಂಚೆಗೆ ಹಾಕಬೇಕು.