ಗರಡಿಯ ಗುದ್ದಲಿ

ಹೊಸ ಜಿಮ್‌ಗಳು ‘ಫಂಕ್ಷನಲ್ ಫಿಟ್‌ನೆಸ್’ ಅನ್ನುವುದನ್ನು ಗರಡಿಮನೆಗಳು ಹೆಸರಿಡದೆ ನಡೆಸಿಕೊಂಡು ಬಂದಿವೆ. ಎತ್ತುವುದು, ಹೊರುವುದು, ಬಗ್ಗುವುದು, ಕೂತು ಏಳುವುದು ಇವೆಲ್ಲ ದಿನದ ಕೆಲಸಕ್ಕೆ ಬೇಕಾದವೇ. ಅವನ್ನೇ ಅಲ್ಲಿ ಸಾಮು ಮಾಡುತ್ತಾರೆ.

ಮೈಸೂರಿನಲ್ಲಿ ನಾವು ಹೋಗುವ ಗರಡಿಯಲ್ಲಿ ಮೊದಲ ವಾರ ನಮ್ಮ ಕೈಗೆ ಕೊಟ್ಟದ್ದು ಗುದ್ದಲಿ. ಕುಸ್ತಿಯಾಡುವ ಕೆಮ್ಮಣ್ಣಿನ ಮಟ್ಟಿ ಗಟ್ಟಿಯಾದರೆ ಬಿದ್ದವರಿಗೆ ಪೆಟ್ಟು. ಅದಕ್ಕೆ ಅಗೆದು ಹದ ಮಾಡುತ್ತಲೇ ಇರಬೇಕು. ಅಗೆಯುವವರ ಭುಜಕ್ಕೂ ಸೊಂಟಕ್ಕೂ ಅದೇ ವ್ಯಾಯಾಮ. ಆಮೇಲೆ ದಂಡ, ಬಸ್ಕಿ, ಕಲ್ಲುಗುಂಡು, ಗದೆ. ಆಟೋ ಓಡಿಸುವವರು, ಗಾರೆ ಕೆಲಸದವರು, ಕಾಲೇಜು ಹುಡುಗರು ಎಲ್ಲ ಬರುತ್ತಾರೆ. 20 ಬಸ್ಕಿಗೇ ನಮ್ಮ ಕಾಲು ನಡುಗಿದರೆ ಯಾರೂ ನಗುವುದಿಲ್ಲ. 60 ದಾಟಿದ ಉಸ್ತಾದರು ಪಕ್ಕದಲ್ಲಿ ನಿಂತು ಜೊತೆಗೆ ಎಣಿಸುತ್ತಾರೆ.

ಒಂದು ವಿಷಯ ಮಾತ್ರ ನಮ್ಮನ್ನು ಕಾಡುತ್ತದೆ. ನಮ್ಮ ಜೊತೆ ಓದಿದ ಗೆಳತಿಯರು ಈ ಮಟ್ಟಿಗೆ ಇಳಿಯುವಂತಿಲ್ಲ, ಹಳೆಯ ಕಟ್ಟಳೆ. 15 ಲೀಟರಿನ ಕೊಡದ ನೀರು ಅಂದರೆ 15 ಕೆ.ಜಿ. ಅದನ್ನು ಸೊಂಟದ ಮೇಲೆ ಹೊತ್ತೇ ಬೆಳೆದವರು ಅವರು. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಕುಸ್ತಿ ಶುರುವಾದದ್ದು 2004ರಲ್ಲಿ. 2016ರಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದರು. ನಮ್ಮ ದಸರಾ ಕುಸ್ತಿಯಲ್ಲೂ ಹೆಣ್ಣುಮಕ್ಕಳು ಸೆಣಸುತ್ತಾರೆ.

ಉಸ್ತಾದರನ್ನು ಕೇಳಿದೆವು. ಬಹಳ ಹೊತ್ತು ಸುಮ್ಮನಿದ್ದು, “ಮಟ್ಟಿ ಬೇಡ, ಅಂಗಳದಲ್ಲಿ ಸಾಮು ಮಾಡಲಿ” ಅಂದರು. ಇದು ಸಾಲದು, ನಮಗೂ ಗೊತ್ತು. ಆದರೂ ಕಲ್ಲುಗುಂಡು ಅಂಗಳಕ್ಕೆ ಬಂದಿದೆ. ಈ ಭಾನುವಾರ ಆರು ಜನ ಗೆಳತಿಯರು ಬರುತ್ತಾರೆ. ಪಕ್ಕದಲ್ಲಿ ನಿಂತು ಎಣಿಸುವ ಸರದಿ ನಮ್ಮದು.