ಹಳೇ ತಲೆಯ ತಕರಾರು

ಮಕ್ಕಳು ನನ್ನನ್ನು ಹಳೇ ತಲೆಯವನು ಎನ್ನುತ್ತಾರೆ. ಅದರಲ್ಲಿ ಸುಳ್ಳೇನಿಲ್ಲ. ರಾಯಬಾಗ ತಾಲೂಕಿನ ಶಾಲೆಗಳಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತನಾದವನು ನಾನು. ಹಿರಿಯರು ಬಂದರೆ ಎದ್ದು ನಿಲ್ಲಬೇಕು, ಮದುವೆಗೆಂದು ಸಾಲ ಮಾಡಬಾರದು, ಕೊಟ್ಟ ಮಾತಿಗೆ ತಪ್ಪಬಾರದು. ನನ್ನ ಸಿದ್ಧಾಂತ ಇಷ್ಟೇ. ಊಟದ ಹೊತ್ತಿಗೆ ಟೀವಿ ಬಂದ್ ಮಾಡಿ ಎಂದು ನಾನು ಗದರುವುದನ್ನು ಮೊಮ್ಮಗ ನನ್ನ ದನಿಯಲ್ಲೇ ಆಡಿ ತೋರಿಸುತ್ತಾನೆ. ಆದ್ದರಿಂದ ಮೊದಲೇ ಒಪ್ಪಿಕೊಂಡುಬಿಡುತ್ತೇನೆ: 2019ರ ಜುಲೈ ತಿಂಗಳಿಡೀ ಟೀವಿಯ ಮುಂದೆ ತಾಟು ಹಿಡಿದು ಕುಳಿತವನು ನಾನೇ.

ಸಮ್ಮಿಶ್ರ ಸರ್ಕಾರ ಬೀಳುವ ಹೊತ್ತು ಅದು. ರಾಜೀನಾಮೆ ಕೊಟ್ಟ ಶಾಸಕರು ಮುಂಬೈಯ ಹೋಟೆಲು ಸೇರಿದ್ದರು, ಅಥಣಿಯವರು ಅವರಲ್ಲೊಬ್ಬರು. ಕಾಗವಾಡದ ಶಾಸಕರು ವಿಶ್ವಾಸಮತದ ಹೊತ್ತಿಗೆ ರೆಸಾರ್ಟಿನಿಂದ ಕಾಣೆಯಾಗಿ ಮುಂಬೈಯ ಆಸ್ಪತ್ರೆಯಲ್ಲಿ ಪತ್ತೆಯಾದರು. ನಮ್ಮ ಕಡೆಯ ಹೆಸರು ಅಷ್ಟು ಸಲ ಟೀವಿಯಲ್ಲಿ ಬಂದದ್ದನ್ನು ನಾನು ಕಂಡಿರಲಿಲ್ಲ. ಕಾರು ಯಾವ ಗೇಟಿನಿಂದ ಹೊರಟಿತು, ಯಾರು ಯಾರಿಗೆ ಫೋನ್ ಮಾಡಿದರು ಎಂಬುದೇ ಬೆಳಗಿನಿಂದ ರಾತ್ರಿಯವರೆಗೆ ಸುದ್ದಿ. ಪಕ್ಷಾಂತರ ತಡೆಯಲೆಂದು 1985ರಲ್ಲೇ ಕಾನೂನು ಬಂದ ದೇಶ ನಮ್ಮದು. ಮಾತಿಗೆ ತಪ್ಪಿದರು ಎಂದು ಬೈಯುತ್ತಲೇ ನೋಡಿದೆ. ಬೈಯುವುದಕ್ಕೂ ಒಂದು ರುಚಿ ಇರುತ್ತದೆ. ಜುಲೈ 23ರಂದು ಸರ್ಕಾರ ಬಿತ್ತು. ಆಗಲೂ ನಾನು ಟೀವಿ ಬಿಟ್ಟೇಳಲಿಲ್ಲ. ಮುಂದಿನ ಮಂತ್ರಿಗಳು ಯಾರೆಂದು ತಿಳಿಯಬೇಕಿತ್ತಲ್ಲ!

ಆಗಸ್ಟ್ ಮೊದಲ ವಾರ ತಂಗಿ ಫೋನ್ ಮಾಡಿದಳು. ಕಾಗವಾಡ ತಾಲೂಕಿನ ನದಿದಂಡೆಯ ಊರು ಅವಳದು.

"ಅಣ್ಣಾ, ಇಲ್ಲೆ ಕರೆಂಟ್ ಇಲ್ಲ. ರಾಜಾಪುರದಿಂದ ಎಷ್ಟ ನೀರ ಬಿಟ್ಟಾರಂತ ಟೀವ್ಯಾಗ ಏನರ ಹೇಳ್ಯಾರೇನು?"

ಮೂರು ತಾಸಿನಿಂದ ಟೀವಿಯ ಮುಂದಿದ್ದೆ, ಉತ್ತರ ಗೊತ್ತಿರಲಿಲ್ಲ. "ಏನೂ ಹೇಳಿಲ್ಲ ತಂಗಿ. ಅಂಜಬ್ಯಾಡ, 2005ರಾಗೂ ಅಂಗಳಕ್ಕ ಬಂದು ನಿಂತಿತ್ತಲ್ಲ" ಎಂದೆ.

ಅಣ್ಣ ಹೇಳಿದನೆಂದು ಅವಳು ನಂಬಿದಳು. ಆ ರಾತ್ರಿ ನೀರು ಒಳಮನೆಗೇ ಬಂತು. ಮಕ್ಕಳನ್ನು ಹೊತ್ತು ಹೊರಬಿದ್ದರು. ಎಮ್ಮೆಗಳ ಹಗ್ಗ ಬಿಚ್ಚಿದ್ದಷ್ಟೇ. ಎರಡರಲ್ಲಿ ಒಂದು ಸಿಗಲಿಲ್ಲ. ಅವಳು ಇಂದಿನವರೆಗೂ ಆ ಫೋನಿನ ಮಾತು ಎತ್ತಿಲ್ಲ.

ನದಿದಂಡೆಯವರಿಗೆ ಬೇಕಿದ್ದದ್ದು ಒಂದೇ ಅಂಕಿ. ಕೊಯ್ನಾ ಮೊದಲಾದ ಜಲಾಶಯಗಳಿಂದ ಬಿಟ್ಟ ನೀರು, ಮೇಲಿನ ಮಳೆಯ ನೀರು ಎಲ್ಲ ಕೂಡಿ ಮಹಾರಾಷ್ಟ್ರದ ರಾಜಾಪುರ ಬ್ಯಾರೇಜು ದಾಟಿ ನಮ್ಮಲ್ಲಿಗೆ ಬರುತ್ತದೆ. ಅಲ್ಲಿ ಎಷ್ಟು ಕ್ಯೂಸೆಕ್ ಎಂದು ತಿಳಿದರೆ ಕಲ್ಲೋಳ-ಯಡೂರ ಸೇತುವೆ, ಕುಡಚಿ-ಉಗಾರ ಸೇತುವೆ ಯಾವಾಗ ಮುಳುಗುತ್ತವೆ ಎಂದು ಹಳ್ಳಿಯ ಮುದುಕರೇ ಲೆಕ್ಕ ಹೇಳುತ್ತಾರೆ. ಆ ಸಲ ವೇದಗಂಗಾ ನದಿಯೂ ಉಕ್ಕಿ ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯೇ ಬಂದ್ ಆಯಿತು.

ದೂರು ಹೇಳೋಣವೆಂದರೆ ಶಾಸಕರೇ ಇರಲಿಲ್ಲ. ಅಥಣಿಯವರನ್ನು ಜುಲೈ 25ರಂದು, ಕಾಗವಾಡದವರನ್ನು 28ರಂದು ಸ್ಪೀಕರ್ ಅನರ್ಹಗೊಳಿಸಿದ್ದರು. ಆಗಸ್ಟ್ 20ರವರೆಗೆ ಮುಖ್ಯಮಂತ್ರಿಯ ಹೊರತು ರಾಜ್ಯಕ್ಕೆ ಮಂತ್ರಿಗಳೂ ಇರಲಿಲ್ಲ. ನೆರೆ ಬಂದಾಗ ಎರಡು ಕ್ಷೇತ್ರಗಳ ಕುರ್ಚಿ ಖಾಲಿ ಎಂಬುದು ದೊಡ್ಡ ಸುದ್ದಿಯಾಗಬೇಕಿತ್ತು. ನಾನು ನೋಡುತ್ತಿದ್ದ ಚಾನೆಲ್ಲಿನಲ್ಲಿ ಆಗಲಿಲ್ಲ.

ನೀರು ಬಂದ ಮೇಲೆ ಟೀವಿಯವರೂ ಬಂದರು. ಪರಿಹಾರ ಕೇಂದ್ರದಲ್ಲಿ ಅಳುತ್ತಿದ್ದ ಹೆಣ್ಣುಮಗಳ ಬಾಯಿಗೆ ಮೈಕು ಹಿಡಿದು "ನಿಮಗೆ ಏನನ್ನಿಸುತ್ತಿದೆ?" ಎಂದು ಕೇಳಿದರು. ದುಃಖದ ಮನೆಗೆ ಹೋದವರು ಪ್ರಶ್ನೆ ಕೇಳಬಾರದು, ಸುಮ್ಮನೆ ಹತ್ತಿರ ಕೂಡಬೇಕು ಎಂದು ನನ್ನ ಅವ್ವ ಹೇಳಿಕೊಟ್ಟಿದ್ದಳು. ಇದನ್ನು ಹಳೇ ತಲೆ ಎನ್ನುವುದಾದರೆ ಎನ್ನಲಿ.

ಬರೀ ಟೀವಿಯನ್ನು ದೂರಿದರೆ ಅನ್ಯಾಯವಾದೀತು. ಸುಪ್ರೀಂ ಕೋರ್ಟು ಅನರ್ಹತೆ ಎತ್ತಿಹಿಡಿದು ಸ್ಪರ್ಧೆಗೆ ಅವಕಾಶ ಕೊಟ್ಟಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಇಬ್ಬರೂ ಹೊಸ ಪಕ್ಷದಿಂದ ಗೆದ್ದರು. 2023ರಲ್ಲಿ ಇಬ್ಬರೂ ಸೋತರು, ಅದು ಬೇರೆ ಮಾತು. ತಂಗಿ ಯಾರಿಗೆ ಮತ ಹಾಕಿದಳೋ ನಾನು ಕೇಳಿಲ್ಲ. ಕೇಳುವುದು ನಮ್ಮ ಮನೆಯ ಪದ್ಧತಿಯೂ ಅಲ್ಲ. ನಮ್ಮ ಕಡೆ ರಾಜಕಾರಣಿಗೆ 'ಸಾಹುಕಾರ್ರ' ಎಂದು ಕೈಮುಗಿಯುತ್ತೇವೆ, ಹುಟ್ಟುಹಬ್ಬಕ್ಕೆ ಚೌಕದ ತುಂಬ ಫ್ಲೆಕ್ಸ್ ಕಟ್ಟುತ್ತೇವೆ. ಸಿನಿಮಾ ನಟನಿಗೆ ಕೊಡುವ ಪ್ರೀತಿಯನ್ನು ಅವರಿಗೆ ಕೊಟ್ಟ ಮೇಲೆ ಲೆಕ್ಕ ಕೇಳುವ ಬಾಯಿ ಎಲ್ಲಿಂದ ಬರಬೇಕು?

ನಟರೆಂದರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೇ. ಒಮ್ಮೆ ಮಾತ್ರ ನಾನು ಸೋತೆ. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಮನೆಗಳಲ್ಲಿ ಚರ್ಮ ಹದಮಾಡಿ, ಹೆಂಗಸರು ಪಟ್ಟಿ ಹೆಣೆದು ಮಾಡುವ ಚಪ್ಪಲಿ ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಲೋಕ ಸುತ್ತುತ್ತದೆ. 2019ರಲ್ಲೇ ಅದಕ್ಕೆ ಎರಡೂ ರಾಜ್ಯಗಳ ಎಂಟು ಜಿಲ್ಲೆಗಳ ಹೆಸರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ನಾನು ನೋಡುತ್ತಿದ್ದ ಟೀವಿ ಅದನ್ನು ಹೇಳಲಿಲ್ಲ. 2023ರಲ್ಲಿ ನಟ ಡಾಲಿ ಧನಂಜಯ ಲಿಡ್ಕರ್ ನಿಗಮದ ರಾಯಭಾರಿಯಾದರು, ಸಂಭಾವನೆ ಪಡೆಯದೆ. ಅದನ್ನು ಓದಿ ಮೊಮ್ಮಗನ ಮುಂದೆ ನನ್ನ ಮಾತು ಹಿಂತೆಗೆದುಕೊಂಡೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಅಂಥದೇ ಚಪ್ಪಲಿಯನ್ನು ಮಿಲಾನಿನ ವೇದಿಕೆಯಲ್ಲಿ ಊರಿನ ಹೆಸರೆತ್ತದೆ ತೋರಿಸಿದಾಗ ಮಾತ್ರ ಚಾನೆಲ್ಲುಗಳು ಎಚ್ಚೆತ್ತವು. ಡಿಸೆಂಬರಿನಲ್ಲಿ ಕಂಪನಿ ಎರಡೂ ರಾಜ್ಯಗಳ ನಿಗಮಗಳೊಡನೆ 2,000 ಜೋಡಿಗಳಿಗೆ ಒಪ್ಪಂದ ಮಾಡಿಕೊಂಡಿತು, ಜೋಡಿಗೆ ಸುಮಾರು 800 ಯೂರೋ ಬೆಲೆ. ಅದರಲ್ಲಿ ಹೆಣೆದ ಕೈಗೆ ಎಷ್ಟು ಸೇರುತ್ತದೆ ಎಂದು ಕೇಳಲು ನಾನು ನೋಡಿದ ಚರ್ಚೆಗಳಲ್ಲಿ ಯಾರಿಗೂ ಪುರುಸೊತ್ತು ಇರಲಿಲ್ಲ.

ಈಗ ಮಳೆಗಾಲದಲ್ಲಿ ದಿನಾ ಬೆಳಗ್ಗೆ ಮೊಮ್ಮಗ ಮೊಬೈಲಿನಲ್ಲಿ ರಾಜಾಪುರದ ಅಂಕಿ ಹುಡುಕಿ ಹೇಳುತ್ತಾನೆ. ನಾನು ಅದನ್ನು ಕ್ಯಾಲೆಂಡರಿನ ಮೇಲೆ ಬರೆದು ತಂಗಿಗೆ ಫೋನ್ ಮಾಡುತ್ತೇನೆ. ಅಂಜಬ್ಯಾಡ ಎಂದು ಹೇಳುವುದನ್ನು ಬಿಟ್ಟಿದ್ದೇನೆ. ಅಂಕಿ ಹೇಳಿ, ಎಮ್ಮೆ ಎಲ್ಲಿ ಕಟ್ಟಿದ್ದೀ ಎಂದು ಕೇಳುತ್ತೇನೆ.